ಮೊದಲು ಫ್ಯಾನ್ ಕೇಳಬೇಕು

ಜೂನ್ 3, ಬೆಳಿಗ್ಗೆ 11
ಚಾಕಿ ಮನೆಯಲ್ಲಿ ರೇಷ್ಮೆ ಮರಿಹುಳುಗಳು ಎರಡನೇ ಜ್ವರಕ್ಕೆ ಕೂತಿವೆ, ಪೊರೆ ಬಿಡಬೇಕು. ಅವುಗಳ ಹಾಸಿಗೆ ಒಣಗಲಿ ಎಂದು ಸುಣ್ಣದ ಪುಡಿ ಉದುರಿಸಿ ಈಗ ತಾನೇ ಬಂದೆ. ಗಂಟೆಗೊಮ್ಮೆ ಶಾಖ, ತೇವ ದಾಖಲಿಸಬೇಕಾದ ಲ್ಯಾಪ್‌ಟಾಪ್ ಗೊರಗೊರ ಎಂದು ಸತ್ತಿದೆ. ಎರಡನೇ ಸಲ. ಹೋದ ಸಲವೂ ಸುಣ್ಣ ಉದುರಿಸಿದ ದಿನವೇ...

ತಿಂಗಳ ಕೊನೆಗೆ ರೇಷ್ಮೆ ಇಲಾಖೆಯವರು ಬರುತ್ತಾರೆ. ಆಗ ಒಂದು ಬ್ಯಾಚಿನ ಪೂರ್ತಿ ದಾಖಲೆ ತೋರಿಸದಿದ್ದರೆ ಲೈಸೆನ್ಸ್ ಹೋಯಿತು. ಮರಿಹುಳು ಸಾಕಿ ರೈತರಿಗೆ ಮಾರುವ ಚಾಕಿ, ಆರು ವರ್ಷ ಬೆಳೆಸಿದ್ದು.

ಯಂತ್ರ ಸರಿಯಿಲ್ಲ ಎಂದೆ. ಅತ್ತೆ ಅಶ್ವತ್ಥಮ್ಮ ಕೂತಲ್ಲಿಂದಲೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಕಣಮ್ಮ." ಮೈ ಉರಿಯಿತು.

ಜೂನ್ 4
ರಿಪೇರಿಯವನು ಬಿಚ್ಚಿ ತೋರಿಸಿದ. ಒಳಗಿನ ಫ್ಯಾನ್ ತುಂಬ ನನ್ನದೇ ಸುಣ್ಣ. ತಣ್ಣಗಾಗಲು ಗಾಳಿ ಎಳೆದುಕೊಳ್ಳುತ್ತದೆ, ಜೊತೆಗೆ ಪುಡಿಯನ್ನೂ.

ಸಂಜೆ ಭಾವನ ಮಗ ಭಾನುಪ್ರಕಾಶನ ಫೋನ್. "ಗೇಮಿಂಗ್ ಲ್ಯಾಪ್‌ಟಾಪ್ ತಗೋ ಚಿಕ್ಕಮ್ಮ. ಡಬಲ್ ಫ್ಯಾನ್ ಇರುತ್ತೆ." ಒಂದಕ್ಕೇ ಈ ಗತಿ! ನಾನೇ ಆರಿಸುತ್ತೇನೆ ಎಂದೆ. ನಕ್ಕ. ನಗಲಿ.

ಜೂನ್ 6
ಚಿಂತಾಮಣಿ. ಶಾಖ, ತೇವ ಅಳೆದು ಲ್ಯಾಪ್‌ಟಾಪಿಗೆ ಕೊಡುವ ಸೆನ್ಸರನ್ನು ಬ್ಯಾಗಿನಲ್ಲೇ ಒಯ್ದಿದ್ದೆ. ಅಂಗಡಿಯ ಮಧುಸೂದನ್ ರ‍್ಯಾಮ್, ಪ್ರೊಸೆಸರ್ ಎಂದು ಹರಿಕಥೆ ಶುರು ಮಾಡಿದರು.
"ಅದು ಆಮೇಲೆ ಹೇಳಿ. ಇದಕ್ಕೆ ಫ್ಯಾನ್ ಇದ್ಯಾ?"
ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿಲ್ಲವಂತೆ.

ದೊಡ್ಡ ಲ್ಯಾಪ್‌ಟಾಪ್ — ಫ್ಯಾನ್ ಇದೆ, ಬೇಡ. ಟ್ಯಾಬ್ಲೆಟ್ — ಫ್ಯಾನ್ ಇಲ್ಲ, ಹಗುರ, ಮನಸ್ಸೂ ಹೋಯಿತು. ಸೆನ್ಸರ್ ಚುಚ್ಚಿದರೆ ಗುರುತೇ ಹಿಡಿಯಲಿಲ್ಲ. ಸೆನ್ಸರಿನ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ನಡೆಯುವುದು. ಕೊನೆಗೆ ಒಳಗಿನಿಂದ ಒಂದು ತಂದರು. ಟು-ಇನ್-ಒನ್. ಕೀಬೋರ್ಡ್ ಸಿಕ್ಕಿಸಿದರೆ ಲ್ಯಾಪ್‌ಟಾಪ್, ಕಳಚಿದರೆ ಟ್ಯಾಬ್ಲೆಟ್. ವಿಂಡೋಸ್ ಇದೆ, ಫ್ಯಾನ್ ಇಲ್ಲ.
"ಸ್ವಲ್ಪ ಸ್ಲೋ ಮೇಡಂ."
"ನನ್ ಹುಳಾನೂ ಸ್ಲೋನೇ ಬಿಡಿ."
ಸೆನ್ಸರ್ ಚುಚ್ಚಿದೆ. ಅಂಗಡಿಯ ತೇವ ಪರದೆ ಮೇಲೆ ಬಂತು — ಐವತ್ತೆರಡು. ಅಲ್ಲೇ ಕುಣಿಯಬೇಕು ಅನ್ನಿಸಿತು.

ಜೂನ್ 19
ಹೊಸ ಬ್ಯಾಚ್, ಎರಡನೇ ಜ್ವರ. ಪರದೆ ನೋಡುತ್ತಲೇ ಸುಣ್ಣ ಉದುರಿಸಿದೆ. ಪರದೆಯೆಲ್ಲ ಬೆಳ್ಳಗೆ. ಬಟ್ಟೆಯಲ್ಲಿ ಒರೆಸಿದೆ. ತೇವ ಇಳಿಯುತ್ತಿರುವುದು ಕಾಣಿಸುತ್ತಿದೆ... ನಡೆಯುತ್ತಿದೆ. ಸದ್ದೇ ಇಲ್ಲ.

ಜೂನ್ 27, ಸಂಜೆ 4
ಇಲಾಖೆಯ ಮೇಡಂ ಬಂದರು. ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲದ್ದಿಸಿಯೇ ಒಳಗೆ ಬಿಟ್ಟೆ. ಪರದೆ ಕಳಚಿ ಕೈಗೆ ಕೊಟ್ಟೆ. ಒಂದು ಗಂಟೆಯೂ ತಪ್ಪಿಲ್ಲ. ಪೂರ್ತಿ ನೋಡಿ ಸಹಿ ಹಾಕಿದರು. ಲೈಸೆನ್ಸ್ ಉಳಿಯಿತು.

"ಇದನ್ನ ಯಾರು ಆರಿಸಿಕೊಟ್ರು?"
ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ ರಾಧಾಮಣೀನೇ. ಸುಣ್ಣ ಕುಡೀದೇ ಇರೋದನ್ನ ಹುಡುಕ್ಕೊಂಡ್ ಬಂದ್ಲು."
ಮೇಡಂ ಜೀಪು ಹತ್ತಿದ ಮೇಲೆ ಅತ್ತೆ ನನ್ನ ಪಕ್ಕ ಬಂದು ನಿಂತರು. "ನೆಲಾನೇ ಡೊಂಕಿತ್ತು ಕಣೇ."
ಸಹಿಗಿಂತ ಇದೇ ದೊಡ್ಡದು. ಗೆದ್ದೆ.

ಈಗ ನಗರಗೆರೆಯ ಕದಿರಮ್ಮನ ಫೋನ್. ಅವಳದೂ ಚಾಕಿ, ಅವಳ ಲ್ಯಾಪ್‌ಟಾಪೂ ಗೊರಗೊರ. ಸೋಮವಾರ ಇಬ್ಬರೂ ಚಿಂತಾಮಣಿಗೆ. ಸೆನ್ಸರ್ ತಾ ಎಂದಿದ್ದೇನೆ. ಅಂಗಡಿಯವರು ರ‍್ಯಾಮ್ ಎಂದು ಬಾಯಿ ತೆರೆದ ಕೂಡಲೇ ನೀನು ಮೊದಲು ಫ್ಯಾನ್ ಕೇಳಬೇಕು ಎಂದೂ ಹೇಳಿದೆ.