ಅಂಚಿನ ಮೇಲಿನ ಒಂದಕ್ಷರ

ಗುರುವಾರ, ಬೆಳಿಗ್ಗೆ ಹತ್ತು

ಅಕ್ಕನ ಪಾದಗಳಿಗೆ, ಒದೆಯಲು ಅನುಕೂಲವಾಗುವಷ್ಟು ಹತ್ತಿರದಿಂದ ನಮಸ್ಕಾರ.

ಭೂಮ್ಯಾಕಾಶಗಳ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತಿದ್ದೇನೆ: ಕಳೆದ ಸಲ ನಿನ್ನ ಮನೆಗೆ ಬಂದಾಗ, ಹಾಲು ಉಕ್ಕಿತೆಂದು ನೀನು ಒಳಗೆ ಓಡಿದ ಅರ್ಧ ನಿಮಿಷದಲ್ಲಿ, ಹೊಲಿಗೆ ಡಬ್ಬಿಯ ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ ನಿನ್ನ ಪದಕವನ್ನು ಕದ್ದವನು ನಾನೇ. ತೂಕ ತಪ್ಪಬಾರದೆಂದು ಅದೇ ಬಟ್ಟೆಯಲ್ಲಿ ನನ್ನ ಕೋಟಿನ ಹಿತ್ತಾಳೆ ಗುಂಡಿ ಸುತ್ತಿಟ್ಟು ಬಂದೆ. ನೀನು ಆ ಗಂಟು ಬಿಚ್ಚುವವಳಲ್ಲ ಎಂಬುದೇ ನನ್ನ ಧೈರ್ಯ.

ನನ್ನ ಚಟ ನಿನಗೆ ಗೊತ್ತು. ಯುದ್ಧಕಾಲದಲ್ಲಿ ಆಂಬ್ಯುಲೆನ್ಸಿನಲ್ಲಿ ದುಡಿದ ಸ್ವಯಂಸೇವಕರ ಪದಕಗಳು ನನ್ನಲ್ಲಿ ಇಪ್ಪತ್ತಮೂರಿವೆ. ಸಂಗ್ರಹವೂ ಒಂದು ಗ್ರಹವೇ, ಹಿಡಿದರೆ ಬಿಡದು. ಗೊತ್ತಿಲ್ಲದವರು ಪದಕದ ಮುಖ ನೋಡುತ್ತಾರೆ. ಗೊತ್ತಿದ್ದವರು ಅಂಚು ನೋಡುತ್ತಾರೆ. ಪಡೆದವರ ಹೆಸರು ಕೆತ್ತಿರುವುದು ಅಲ್ಲಿ. ನಿನ್ನದರ ಅಂಚಿನಲ್ಲಿರುವುದು ಮನೆತನದ ಹೆಸರು, ಅದರ ಮುಂದೆ ಒಂದೇ ಒಂದು ಅಕ್ಷರ. ಅಪ್ಪ ನಿನಗೂ ನನಗೂ ಒಂದೇ ಅಕ್ಷರದಿಂದ ಶುರುವಾಗುವ ಹೆಸರಿಟ್ಟರಲ್ಲ, ಆ ಮಿತವ್ಯಯವೇ ನನ್ನನ್ನು ಕೆಡಿಸಿತು.

ಗ್ರಂಥಾಲಯದ ಮಹಡಿಯಲ್ಲಿ ನನ್ನ ಪದಕಗಳ ಪ್ರದರ್ಶನವಿದೆ. ಮಂಗಳವಾರ ಗಡಿಯಾರ ರಿಪೇರಿಯವರೊಬ್ಬರು ಬಂದರು. ಎಡಗಾಲು ಮಡಚಲು ಬಾರದು. ಕಣ್ಣಿಗೆ ತಮ್ಮ ಕಸುಬಿನ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಅಂಚು ಓದುತ್ತ ಬಂದವರು ನಿನ್ನದರ ಮುಂದೆ ನಿಂತುಬಿಟ್ಟರು. ಆಮೇಲೆ ನನ್ನತ್ತ ತಿರುಗಿ, 'ಸ್ವಾಮಿ, ಸೇತುವೆ ಹತ್ರ ಬಾಂಬ್ ಬಿದ್ದ ಮಧ್ಯಾಹ್ನ ನನ್ನೂ ನನ್ ತಮ್ಮನ್ನೂ ಎತ್ಕೊಂಡು ಹೋದೋರು ನೀವಾ? ಆಸ್ಪತ್ರೆ ಚೀಟೀಲಿ ಕರೆತಂದವರು ಅಂತ ಇದೇ ಹೆಸರು, ಇದೇ ಅಕ್ಷರ ಇತ್ತು' ಎಂದರು. ಅಂಚಿನ ದೋಷದಿಂದ ತಪ್ಪು ತಿಳಿದರು, ಪಾಪ.

ಆ ತಮ್ಮ ದಾರಿಯಲ್ಲೇ ತೀರಿಹೋದನಂತೆ. ಇವರಿಗೆ ಪ್ರಜ್ಞೆ ಇರಲಿಲ್ಲ. 'ನಮ್ಮಮ್ಮನಿಗೆ ಈಗ ತೊಂಬತ್ತೊಂದು. ಅವನು ಕೊನೇಲಿ ಏನಾದ್ರೂ ಅಂದ್ನಾ, ಯಾರನ್ನಾದ್ರೂ ಕರೆದ್ನಾ, ಅದೊಂದೇ ಕೇಳ್ತಾಳೆ. ನಾನೇನ್ ಹೇಳ್ಲಿ? ಭಾನುವಾರ ಕರ್ಕೊಂಡ್ ಬರ್ತೀನಿ, ನೀವೇ ಹೇಳ್ಬಿಡಿ' ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ನನಗೆಂದೇ ಹುಟ್ಟಿದ್ದು. ಆ ಬಾಯಿ ಅಲ್ಲಿ ಕಟ್ಟಿಹೋಯಿತು. ಅಲ್ಲ ಎನ್ನಲಿಲ್ಲ ಅಕ್ಕ.

ಎರಡು ದಿನದಲ್ಲಿ ಮೂರು ಕೊನೆಮಾತು ಬರೆದೆ. ಒಂದರಲ್ಲಿ ಅವನು ಅಮ್ಮನನ್ನು ಕರೆದ. ಇನ್ನೊಂದರಲ್ಲಿ ನೀರು ಕೇಳಿದ. ಮೂರನೆಯದು ಎಷ್ಟು ಚೆನ್ನಾಗಿ ಬಂತೆಂದರೆ ಓದಿ ನನಗೇ ಅಳು ಬಂತು. ಆಗ ಹೆದರಿ ಮೂರನ್ನೂ ಒಲೆಗೆ ಹಾಕಿದೆ.

ಅವನ ಪಕ್ಕ ಕೂತಿದ್ದವಳು ನೀನು. ಅಂದು ಮನೆಗೆ ಬಂದವಳು ಕೈ ತೊಳೆಯುತ್ತಲೇ ಇದ್ದೆ. ಅಮ್ಮ ಏನಾಯಿತೆಂದು ಕೇಳಿದ್ದಕ್ಕೆ, ಆ ಗಾಡಿ ಮಾತು ಯಾರೂ ಎತ್ತಬೇಡಿ ಎಂದೆ. ಮೂವತ್ತು ವರ್ಷ ನಾವ್ಯಾರೂ ಎತ್ತಲಿಲ್ಲ. ಈಗ ಎತ್ತುತ್ತಿದ್ದೇನೆ, ಬೈದುಕೋ. ಆದರೆ ಶನಿವಾರ ಮೊದಲ ಬಸ್ಸಿಗೆ ಬಾ. ಬರಲಾರೆಯಾದರೆ ಎರಡು ಸಾಲು ಬರೆದು ಕಳಿಸು. ಅವನು ಏನೂ ಅನ್ನಲಿಲ್ಲವಾದರೆ ಹಾಗೆಂದೇ ಬರೆ. ಆ ಮುದುಕಿಗೆ ನನ್ನ ಕೈಬರಹದ ಮಗ ಬೇಡ.

ಅಂಚಿನ ಗುಟ್ಟನ್ನು ಅಂಚೆಗೆ ಹಾಕುತ್ತಿದ್ದೇನೆ. ನಾಳೆ ನಿನ್ನ ಕೈ ಸೇರಿದರೆ ಬದುಕಿದೆ.

ಇಂತಿ ನಿನ್ನ ತಮ್ಮ,
ನೀನೇ ಇಟ್ಟ ಹೆಸರಿನಂತೆ, ಬಾಯಿಬಡುಕ

ತಾ.ಕ.: ಅವರು ತಾವಾಗಿ ತಪ್ಪು ತಿಳಿದರೆಂದೆನಲ್ಲ, ಅದು ಪೂರ್ತಿ ನಿಜವಲ್ಲ. ಪದಕದ ಕೆಳಗೆ 'ಸಂಗ್ರಾಹಕರಿಗೇ ಸಂದದ್ದು' ಎಂದು ಚೀಟಿ ಅಂಟಿಸಿದವನು ನಾನು. ನೀನು ಸ್ವಯಂಸೇವಕಿ, ನಾನು ಮಾಡಿದ ಸೇವೆಯೆಲ್ಲ ಸ್ವಯಂ ನನಗೇ. ಈಗ ಚೀಟಿ ಕಿತ್ತಿದ್ದೇನೆ. ನೀನು ಬಂದರೂ ಬರದಿದ್ದರೂ ಭಾನುವಾರ ಆ ತಾಯಿಗೆ ನಿಜ ಹೇಳುವವನು ನಾನೇ. ನಾನೂ ಆ ಗಾಡಿಯಲ್ಲಿ ಹೋದವನೇ ಎಂದು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳಿದ್ದೇನೆ. ಅದನ್ನೂ ಬಿಡಿಸಿ ಹೇಳಬೇಕು. ಹೋದದ್ದೇನೋ ಹೌದು: ತರಬೇತಿಯ ಮೊದಲ ದಿನ, ಗೊಂಬೆಯ ಕಾಲಿಗೆ ಬಳಿದಿದ್ದ ಕೆಂಪು ಶಾಯಿ ನೋಡಿ ಧೊಪ್ಪನೆ ಬಿದ್ದು, ನೀನು ಹಿಡಿದ ಸ್ಟ್ರೆಚರಿನ ಮೇಲೆ ಅಂಗಾತ ಮಲಗಿಕೊಂಡು.