ಮಿಂಚುಳ್ಳಿಯ ಖಾನಾವಳಿ

ನವೆಂಬರ್ ೩, ಸೋಮವಾರ

ಬರೆಯಬೇಕಂತೆ. ದಿನಕ್ಕೊಂದು ಪುಟ. ಏನು ಬರೆಯಲಿ, ನನ್ನ ತಲೆ?

"ಏನರೆ ಬರೀರಿ ಗೌರಕ್ಕ. ನನ್ನ ಬೈದು ಬರದ್ರೂ ನಡೀತದ. ಆದ್ರ ಪೆನ್ನು ಬಿಡಬ್ಯಾಡ್ರಿ" ಎಂದಳು ನಿರುಪಮಾ ಬಾಯಿ. ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರು. ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮುಷ್ಟಿ ಕಟ್ಟಲು ಬರುತ್ತಿಲ್ಲ. ಹಿಚುಕಲು ರಬ್ಬರ್ ಚೆಂಡು ಕೊಟ್ಟಿದ್ದಳು. ನಾನೇನು ಕೂಸೇ? ಅಂಗಳಕ್ಕೆ ಒಗೆದೆ. ಅದಕ್ಕೇ ಈ ಶಿಕ್ಷೆ.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬರೆಯುವುದು ತಪ್ಪಿತು ಎಂದು ಅವತ್ತು ಕುಣಿದಿದ್ದೆ. ಈಗ ಈ ವಯಸ್ಸಿನಲ್ಲಿ ಕಾಪಿ ಬರೆ ಅಂದರೆ ಸಿಟ್ಟು ಬರದೆ ಏನು ಬರುತ್ತದೆ.

ಸಂಜೆ ಸಾಲಿಯಿಂದ ಬಂದ ಮೊಮ್ಮಗಳು ಸೌಮ್ಯಾ ಫೋನ್ ಹಿಡಿದು ಎದುರಿಗೆ ಕೂತಳು. "ಆಯಿ, ಇಲ್ಲಿ ನೋಡು. ಕಣ್ಣು ಪಿಳುಕ್ಸು. ಎಡಕ್ಕ ತಿರುಗು. ಈಗ ಬಲಕ್ಕ." ತಿರುಗಿದೆ. ಹೊಸದೇನಲ್ಲ. ರೊಟ್ಟಿ ಬಡಿದು ಬಡಿದು, ಹಂಚು ಮುಟ್ಟಿ ಮುಟ್ಟಿ ನನ್ನ ಹೆಬ್ಬೆಟ್ಟಿನ ಗೆರೆ ಸವೆದು ಹೋಗಿವೆ. ರೇಶನ್ ಅಂಗಡಿಯ ಮಶೀನು ಹಿಡಿಯುವುದಿಲ್ಲ, ಬ್ಯಾಂಕಿನದೂ ಹಿಡಿಯುವುದಿಲ್ಲ. ನನ್ನ ಎಲ್ಲ ಕೆಲಸ ಮಾರಿ ಮೇಲೆಯೇ, ಮುಖ ತೋರಿಸಿದರಷ್ಟೇ ಆಗುವುದು. ಅದರಲ್ಲೂ ನವೆಂಬರ್ ಬಂತೆಂದರೆ ಯಜಮಾನರ ರೈಲ್ವೆ ಪಿಂಚಣಿಗೆ ನಾನಿನ್ನೂ ಸತ್ತಿಲ್ಲ ಎಂದು ಫೋನಿಗೆ ಮಾರಿ ತೋರಿಸಬೇಕು.

"ಆತೇನ?"

"ಆತು ಆಯಿ." ಓಡಿದಳು. ಮುತ್ತು ಕೊಟ್ಟು ಓಡಿದಳು. ಯಾಕೋ.

ನವೆಂಬರ್ ೪

ಬರೆದೆ. ಮುಗಿಯಿತು.

ನವೆಂಬರ್ ೭, ಶುಕ್ರವಾರ

ಕೆಳಗೆ ರೊಟ್ಟಿ ಕೇಂದ್ರದಲ್ಲಿ ಸೊಸೆ ರಾಜೇಶ್ವರಿ ಒಬ್ಬಳೇ ಒದ್ದಾಡುತ್ತಾಳೆ. ಬಡಿಯಲು ಹೆಂಗಸರಿದ್ದಾರೆ, ಆದರೆ ಗಬ್ಬೂರ ಬೈಪಾಸಿನ ಗಿರಾಕಿಗಳಿಗೆ ಕೈ ಗೊತ್ತಾಗುತ್ತದೆ. "ಗೌರಕ್ಕನ ರೊಟ್ಟಿ ಅಲ್ಲ ಬಿಡ್ರಿ ಇದು" ಎಂದ ಒಬ್ಬ ಲಾರಿಯವ. ದುಡ್ಡಿನ ಗಲ್ಲೆ ಮೇಲೆ ಕೂತು ಕೇಳಿಸಿಕೊಂಡೆ.

ಸೌಮ್ಯಾ ಫೋನ್ ತೋರಿಸಿದಳು. ಝುಪಿಯಾ ಅಂತ ಆಟವಂತೆ. ಅದರೊಳಗೆ ಊರು, ರಸ್ತೆ, ಅಂಗಡಿ. ಎಲ್ಲೆಲ್ಲಿಯವರೋ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಊರಿನಲ್ಲಿ ಓಡಾಡುತ್ತಾರೆ, ಮಾತಾಡುತ್ತಾರೆ. ಅಲ್ಲಿ ನಮ್ಮ ಹುಡುಗಿ ಖಾನಾವಳಿ ಇಟ್ಟಿದ್ದಾಳೆ! ಆಟದೊಳಗೆ ಅವಳಿಗೆ ನೀಲಿ ಕೂದಲು, ಮೈಮೇಲೆ ಇಳಕಲ್ ಸೀರೆ. ಹೆಸರು ಮಿಂಚುಳ್ಳಿ. ಬೆರಳು ಮುಟ್ಟಿಸಿದರೆ ಸಾಕು, ರೊಟ್ಟಿ ಬೀಳುತ್ತದೆ.

"ಬಡಿಯೂ ಸಪ್ಪಳನ ಇಲ್ಲ. ತಿನ್ನಾಕ ಬರ್ತೈತೇನ?"

"ಇಲ್ಲ ಆಯಿ."

"ಮತ್ಯಾಕ ಬಡೀತಿ, ಹುಚ್ಚಿ?"

"ಮಂದಿ ಬರ್ತಾರಲ್ಲ."

ನಾನೂ ಕೆಳಗೆ ಅದಕ್ಕೇ ಕೂರುವುದು.

ನವೆಂಬರ್ ೧೪, ಶುಕ್ರವಾರ. ಬೆಳಿಗ್ಗೆ

ಇವತ್ತು ಬೆಳಿಗ್ಗೆಯೇ ಪೆನ್ನು ಹಿಡಿದೆ.

ಮಗ ಬಸವಕಿರಣ ತಾರಿಹಾಳದ ಫ್ಯಾಕ್ಟರಿಗೆ ಹೊರಡುವ ಮೊದಲು ಫೋನ್ ತಂದ. "ಅವ್ವಾ, ಮಾರಿ ತೋರ್ಸು. ಪಿಂಚಣಿದು."

"ಅದು ಆಗೇತಲ್ಲೊ."

"ಯಾರ್ ಮಾಡ್ಯಾರ? ನನ್ನ ಫೋನಿನ್ಯಾಗ ಇನ್ನೂ ಬಾಕಿ ಅಂತೈತಿ."

ಸೌಮ್ಯಾ ನಾಷ್ಟಾ ಮಾಡುತ್ತಿದ್ದಳು. ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು. ನೋಡಿದೆ. ರಾಜೇಶ್ವರಿಯೂ ನೋಡಿದಳು.

"ಹಂಗಾರ ಅವತ್ತ ನನ್ನ ಮಾರಿ ಎಲ್ಲಿಗೆ ಒಯ್ದಿ?"

ಮೊದಲು ಅಳು. ಆಮೇಲೆ ಮಾತು. ಝುಪಿಯಾದಲ್ಲಿ ಹೊಸ ಕಾನೂನು ಬಂದಿದೆ. ಮಾತಾಡಬೇಕೆಂದರೆ ಮಾರಿ ತೋರಿಸಬೇಕು. ಮಶೀನು ನೋಡಿ ವಯಸ್ಸು ಅಂದಾಜು ಮಾಡುತ್ತದೆ. ಸಣ್ಣವರು ಸಣ್ಣವರ ಜೊತೆ, ದೊಡ್ಡವರು ದೊಡ್ಡವರ ಜೊತೆ. ಮಕ್ಕಳನ್ನು ಕಾಯಲೆಂದೇ ಮಾಡಿದ್ದು. ಸೌಮ್ಯಾಗೆ ಹದಿಮೂರು. ಅವಳ ಖಾನಾವಳಿಗೆ ಬರುವ ಗೆಳತಿಯರು ಕಾಲೇಜಿನವರು, ಹದಿನಾರು ಹದಿನೇಳರವರು. ಮಾತು ಬಂದ್ ಆಗುತ್ತದೆ ಎಂದು ನನ್ನ ಮಾರಿ ತೋರಿಸಿಬಿಟ್ಟಳು. ಸ್ವಲ್ಪ ದೊಡ್ಡವಳು ಅನ್ನಿಸಿಕೊಂಡರೆ ಸಾಕಿತ್ತು. ಮಶೀನು ಪೂರಾ ದೊಡ್ಡವರ ಗುಂಪಿಗೆ ಹಾಕಿತು. ಗೆಳತಿಯರ ದನಿಯೂ ಬಂದ್. ಈಗ ಖಾನಾವಳಿಗೆ ಬರುವವರೆಲ್ಲ ಗಡ್ಡ ಬಂದವರು.

"ಯಾರ್ಯಾರು?" ಎಂದ ಬಸವಕಿರಣ.

"ಭಾಳ ಮಂದಿ ಬಂದ್ ಹೋಗ್ತಾರ. ಒಬ್ರು ಬುಲೆಟ್ ಕಾಕಾ ಅಂತ... ದಿನಾ ಬರ್ತಾರ. ಛಲೋ ಅದಾರ ಪಪ್ಪಾ. ಕನ್ನಡ ಮಾತಾಡ್ತಾರ."

"ಏನ್ ಮಾತಾಡ್ತಾನ?"

ಕಾಲ ಬೆರಳು ನೋಡುತ್ತ ಅಂದಳು: "ನಿಮ್ಮ ಖರೇ ಖಾನಾವಳಿ ಎಲ್ಲೈತಿ ಅಂದ್ರು. ಗಬ್ಬೂರ ಅಂದೆ."

ರಾಜೇಶ್ವರಿ ಕೈ ಎತ್ತಿದಳು. ನಾನು ನಡುವೆ ಹೋದೆ. ಹೊಡೆದರೆ ಇನ್ನೊಂದು ಸಲ ಹೇಳುತ್ತಾಳೆಯೇ ಹುಡುಗಿ? ಬೈಗುಳ ಮಾತ್ರ ನಾನೇ ಬೈದೆ. ಚೆನ್ನಾಗಿ ಬೈದೆ.

ನವೆಂಬರ್ ೧೫, ಶನಿವಾರ

ಬಸವಕಿರಣ ರಜೆ ಹಾಕಿದ. ಸೌಮ್ಯಾಳ ಮಾರಿಯನ್ನೇ ತೋರಿಸಿ ಸರಿ ಮಾಡಲು ಹೋದ. ಮಶೀನು ಅಂದದ್ದು: ಈ ಖಾತೆ ನಿಮ್ಮದಲ್ಲ. ಹದಿಮೂರರ ಹುಡುಗಿ ಕಟ್ಟಿದ ಅಂಗಡಿ, ಅವಳದಲ್ಲ. ನನ್ನದು!

ಕಂಪನಿಗೆ ಬರೆದ. ಉತ್ತರ ಚಹಾ ಕುದಿಯುವಷ್ಟರಲ್ಲಿ ಬಂತು. ಪ್ರಿಯ ಬಳಕೆದಾರರೇ, ನಿಮ್ಮ ಸುರಕ್ಷತೆ ನಮಗೆ ಮುಖ್ಯ. ಮತ್ತೆ ಬರೆದ. ಮತ್ತೆ ಅದೇ. ಯಾರೂ ಓದಿಲ್ಲ ಎಂದು ನಾಲ್ಕನೇ ಇಯತ್ತೆಯ ನನಗೂ ಗೊತ್ತಾಯಿತು.

ಖಾತೆಯನ್ನೇ ಅಳಿಸೋಣ ಎಂದಳು ರಾಜೇಶ್ವರಿ. ಅಳಿಸಿದರೆ ಅವನ ಗುರುತೂ ಹೋಗುತ್ತದೆ ಎಂದ ಬಸವಕಿರಣ. ಆಮೇಲೆ ಮೆಲ್ಲಗೆ: "ಅವ್ವಾ, ಅಂವಂದೇನ್ ತಪ್ಪೈತಿ ಹೇಳು? ಮಶೀನ ಆಕಿ ದೊಡ್ಡಾಕಿ ಅಂತ ತೋರಿಸ್ತೈತಿ. ಅಂವಾ ಯಾರೋ ಹೆಣ್ಮಗಳು ರೊಟ್ಟಿ ಮಾರ್ತಾಳ ಅಂತ ತಿಳದಿರಬೇಕು. ಸುಮ್ನ ಒಬ್ಬರ ಮ್ಯಾಲೆ..."

ಅದೂ ಹೌದು. ತಪ್ಪು ನಮ್ಮ ಮನೆಯದೇ. ಅವನಿಗೇನು ಕನಸು ಬೀಳಬೇಕೇ.

ಆದರೆ ತಿಳಿಯಬೇಕು. ಅಲ್ಲಿ ಮಿಂಚುಳ್ಳಿ ಅಂದರೆ ನಾನು ಎಂದು ಕಂಪನಿಯೇ ಹೇಳುತ್ತಿದೆ. ಹಾಗಾದರೆ ನಾನೇ ಹೋಗಿ ಕೂರುತ್ತೇನೆ.

ನವೆಂಬರ್ ೧೬, ಭಾನುವಾರ. ಮಧ್ಯಾಹ್ನ

ಕೂತೆ. ಸೌಮ್ಯಾ ಕಿವಿಗೆ ಅದೇನೋ ಸಿಕ್ಕಿಸಿದಳು. ಮುಂದೆ ಕಡ್ಡಿಯಂಥ ಮೈಕು. ಬಸವಕಿರಣ ಒಂದು ಮಗ್ಗುಲಿಗೆ, ಸೌಮ್ಯಾ ಇನ್ನೊಂದು ಮಗ್ಗುಲಿಗೆ. ಅವರಿಗೂ ಕೇಳಲೆಂದು ದನಿ ಪೂರಾ ಜೋರು ಇಟ್ಟಿದ್ದಳು.

ತೆರೆಯ ಮೇಲೆ ನನ್ನ ಕೈ ರೊಟ್ಟಿ ಬಡಿಯುತ್ತಿತ್ತು. ನೀಲಿ ಬಳೆ. ನೋವಿಲ್ಲ, ಏನಿಲ್ಲ. ಒಂದು ಗಳಿಗೆ ಅದನ್ನೇ ನೋಡಿದೆ... ಖರೇ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ಅವನು ಬಂದ. ತೋಳದ ತಲೆ, ಚರ್ಮದ ಜಾಕೀಟು. ಬಾಗಿಲಲ್ಲೇ ದನಿ ಬಂತು. ನಯವಾದ ದನಿ. ನಮ್ಮ ಕಡೆಯದೇ ಮಾತು.

"ಏನ್ ಮಿಂಚುಳ್ಳಿ, ಎರಡ ದಿನಾ ಆತು, ಸುದ್ದಿನ ಇಲ್ಲ?"

"ಯಾವೂರಪಾ ನಿಂದು?" ಎಂದೆ. "ಯಾರ ಮಗಾ?"

ತೋಳ ನಿಂತುಬಿಟ್ಟಿತು. ಕಿವಿಯಲ್ಲಿ ಫ್ಯಾನಿನ ಸಪ್ಪಳ ಮಾತ್ರ. ಅವನ ಕೋಣೆಯದು.

"ನೀವ್ಯಾರ್ರಿ?"

"ಅಂಗಡಿ ಮಾಲಕಿ. ದಿನಾ ಬರಾಂವ ನೀ, ನನಗ ಕೇಳ್ತಿ? ಹೆಸರ ಹೇಳು."

"ಆ ಸಣ್ಣ ಹುಡುಗಿ ಎಲ್ಲಿ?"

ಬಸವಕಿರಣ ನನ್ನ ಭುಜ ಹಿಡಿದುಕೊಂಡ. ನಿನ್ನೆ ಆ ತೋಳದ ಪರವಾಗಿ ವಕೀಲಿಕೆ ಮಾಡಿದ್ದ ಮಗ. ಅವನ ಬೆರಳು ನನ್ನ ಎಲುಬಿಗೆ ತಾಗಿದವು.

"ಯಾವ ಸಣ್ಣ ಹುಡುಗಿ?" ಎಂದೆ. "ಇಲ್ಲಿ ಎಲ್ಲಾರೂ ದೊಡ್ಡಾವ್ರು ಅಂತ ಕಂಪನಿ ಹೇಳ್ತೈತಿ. ಸಣ್ಣಾಕಿ ಅಂತ ನಿನಗ ಹೆಂಗ ಗೊತ್ತೊ?"

ತೋಳ ಮಾಯ.

ಸೌಮ್ಯಾಳ ಮುಖ ಸುಣ್ಣದಂತಾಗಿತ್ತು. ಅವಳು ವಯಸ್ಸು ಹೇಳಿರಲಿಲ್ಲವಂತೆ. ದನಿ ಕೇಳಿಯೇ ತಿಳಿದಿದ್ದಾನೆ. ತಿಳಿದೂ ದಿನಾ ಬಂದಿದ್ದಾನೆ.

ನವೆಂಬರ್ ೧೭

ಸೌಮ್ಯಾ ಮಾತು ಬಿಟ್ಟಿದ್ದಾಳೆ. "ನೀ ಯಾಕ ಹೋಗಿ ಮಾತಾಡಿದಿ? ನಾನ ಸುಮ್ನ ಆಟ ಬಂದ್ ಮಾಡ್ತಿದ್ದೆ" ಎಂದಳು ಒಮ್ಮೆ. ಆಮೇಲೆ ಇಲ್ಲ. ಅಪ್ಪನೇ ಸಾಲಿಗೆ ಬಿಟ್ಟು ಬರುತ್ತಾನೆ, ಅವ್ವ ಕರೆದು ತರುತ್ತಾಳೆ.

ನಿರುಪಮಾ ಬಾಯಿಗೆ ಪುಟ ಎಣಿಸಿ ತೋರಿಸಿದೆ. ಓದಲಿಲ್ಲ, ಓದಬಾರದೆಂದು ಮೊದಲೇ ಹೇಳಿದ್ದೆ. "ಅಕ್ಷರ ಸುಧಾರಿಸ್ಯಾವ. ಹಿಡಿತ ಇನ್ನೂ ಬರ್ಬೇಕು" ಎಂದಳು. ಚೆಂಡು ಮತ್ತೆ ಕೊಟ್ಟಳು. ಈ ಸಲ ಕಪಾಟಿಗೆ ಹಾಕಿದೆ.

ನವೆಂಬರ್ ೨೫, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಎಲ್ಲ ತಣ್ಣಗಾಯಿತು ಅಂದುಕೊಂಡಿದ್ದೆ. ಏನು ಬರೆಯುವುದು, ಹಿಟ್ಟು ನಾದಿದ್ದೇ?

ನಿನ್ನೆ ಮಧ್ಯಾಹ್ನ. ಊಟದ ಗಿರಾಕಿ ಹೋಗಿದ್ದರು. ರಾಜೇಶ್ವರಿ ಸೌಮ್ಯಾಳನ್ನು ಕರೆತರಲು ಹೊರಡುವವಳು, ಮೇಲೆ ಸೀರೆ ಬದಲಿಸುತ್ತಿದ್ದಳು. ಹಿಂದೆ ಹೆಂಗಸರು ಬಡಿಯುತ್ತಿದ್ದರು. ಗಲ್ಲೆಯಲ್ಲಿ ನಾನು.

ಗಾಡಿ ನಿಂತಿತು. ಒಬ್ಬ ಇಳಿದ. ಹೆಲ್ಮೆಟ್ಟು ತೆಗೆಯಲಿಲ್ಲ. ಕರಿ ಗಾಜು. ನಿಂತುಕೊಂಡೇ ರೊಟ್ಟಿ ಕಟ್ಟಿಸಿಕೊಂಡ. ಶೇಂಗಾ ಹಿಂಡಿಯನ್ನೂ ಕೇಳಿದ. ಅಲ್ಲಿಯವರೆಗೆ ಎಲ್ಲರಂತೆಯೇ. ಪೊಟ್ಟಣ ಕೈಗೆ ಕೊಡುವಾಗ ಬಾಗಿ ಅಂದ:

"ಮಿಂಚುಳ್ಳಿ ಸಾಲಿ ಬಿಡೂ ಹೊತ್ತಾತಲ್ಲರಿ?"

ನಮ್ಮ ಮನೆಯಲ್ಲಿ ಆ ಹೆಸರು ಯಾರೂ ಕರೆಯುವುದಿಲ್ಲ. ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಗಲ್ಲೆಯ ಮೇಲಿನಿಂದ ಚಾಚಿ ಅವನ ಮಣಿಕಟ್ಟು ಹಿಡಿದೆ. "ಹೆಲ್ಮೆಟ್ ತಗಿ. ಮಾರಿ ತೋರ್ಸು!" ಕೂಗಿದೆ. ಹಿಂದೆ ಬಡಿತ ನಿಂತಿತು. ಹೆಂಗಸರು ಎದ್ದರು.

ಬಲಗೈಯಲ್ಲೇ ಹಿಡಿದಿದ್ದೆ. ಮೈಗೆ ಅದೇ ರೂಢಿ. ಬೆರಳು ಮುಚ್ಚಲಿಲ್ಲ. ಅವನು ಜಗ್ಗಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಸುಮ್ಮನೆ ಕೈ ಹಿಂದೆ ತೆಗೆದುಕೊಂಡ — ಬೋಗುಣಿಯಿಂದ ಸೌಟು ತೆಗೆದ ಹಾಗೆ. ನನ್ನ ಕೈ ಕಡೆ ಒಮ್ಮೆ ನೋಡಿದ. ನಡೆದೇ ಹೋದ, ಓಡಲಿಲ್ಲ.

ನಂಬರು ಓದಲು ಹೊರಗೆ ಬಂದೆ. ಕೆಎ ಇಪ್ಪತ್ತೈದು, ಅಷ್ಟು ಓದುವುದರಲ್ಲಿ ಬೈಪಾಸು ಹತ್ತಿದ್ದ. ಕೆಎ ಇಪ್ಪತ್ತೈದು ಅಂದರೆ ನಮ್ಮ ಜಿಲ್ಲೆಯೇ. ದೂರದವನಲ್ಲ.

ರಾಜೇಶ್ವರಿ ಸಾಲಿಗೆ ಆಟೋದಲ್ಲಿ ಹೋದಳು, ಚಪ್ಪಲಿ ಸಹ ಮೆಟ್ಟದೆ. ಹುಡುಗಿ ಸಿಕ್ಕಳು. ಗೇಟಿನೊಳಗೆ ಕೂತಿದ್ದಳು, ನಮ್ಮ ಪುಣ್ಯ.

ಚೆಂಡು ಹುಡುಕಿ ತೆಗೆದೆ. ಹಿಚುಕುತ್ತಿದ್ದೇನೆ.

ನವೆಂಬರ್ ೨೭, ಗುರುವಾರ

ಪೊಲೀಸ್ ಠಾಣೆ. ಪಿಎಸ್‌ಐ ಹುಡುಗ ಮರ್ಯಾದಸ್ಥ. ಕುರ್ಚಿ ಕೊಟ್ಟ, ಎಲ್ಲ ಬರೆದುಕೊಂಡ. ನಮ್ಮ ಅಂಗಡಿ ಎದುರಿನ ಗ್ಯಾರೇಜಿನ ಕ್ಯಾಮೆರಾ ನೋಡಿದ. ಹೆಲ್ಮೆಟ್ಟು. ನಂಬರಿನ ಮೇಲೆ ಬಿಸಿಲು ಹೊಡೆದು ಬರೀ ಬಿಳುಪು.

"ಆ ಖಾತೆ ಯಾರದು ಅಂತ ಕಂಪನಿ ಹೇಳ್ಬೇಕ್ರಿ ಅಮ್ಮಾರ. ನಾವು ಬರದೇವಿ. ಹೊರದೇಶದ್ದು. ಸ್ವಲ್ಪ ದಿನಾ ಹಿಡೀತೈತಿ. ನೀವೂ ಬರೀರಿ. ಮತ್ತ ಖಾತೆ ಅಳಿಸಬ್ಯಾಡ್ರಿ, ಸಾಕ್ಷಿ ಐತಿ ಅದರಾಗ."

ಮನೆಗೆ ಬಂದಾಗ ಕಂಪನಿಯ ಉತ್ತರ ಬಂದಿತ್ತು. ಈ ಸಲ ಸ್ವಲ್ಪ ಬೇರೆ. ವಯಸ್ಸು ತಪಾಸಣೆಗೆ ತೆಗೆದ ಮುಖಗಳನ್ನು ತಕ್ಷಣ ಅಳಿಸುತ್ತೇವೆ, ಇಟ್ಟುಕೊಳ್ಳುವುದಿಲ್ಲ, ನಿಮ್ಮ ಗೌಪ್ಯತೆ ನಮಗೆ ಮುಖ್ಯ. ಎಲ್ಲವೂ ಮುಖ್ಯ ಇವರಿಗೆ.

ಅವನೂ ಮಾರಿ ತೋರಿಸಿಯೇ ಒಳಗೆ ಬಂದವನು. ನೋಡಿದರು, ದೊಡ್ಡವನು ಹೌದು ಎಂದರು, ಒಳಗೆ ಬಿಟ್ಟರು, ಅಳಿಸಿದರು.

ನವೆಂಬರ್ ೨೯, ಶನಿವಾರ

ಅಲ್ಲಿ ಅಂಗಡಿ ತೆರೆದೇ ಇದೆ. ಒಳಗೆ ಯಾರೂ ಇಲ್ಲ. ನನ್ನ ಮಾರಿಯ ಹೆಸರಿನಲ್ಲಿ ದೀಪ ಉರಿಯುತ್ತಿದೆ.

ಠಾಣೆಗೆ ತೋರಿಸಲು ಬಸವಕಿರಣ ದಿನಕ್ಕೊಮ್ಮೆ ತೆಗೆದು ನೋಡುತ್ತಾನೆ. ಇಂದು ಬೆಳಿಗ್ಗೆ ಅದರಲ್ಲಿ ಒಂದು ಸಾಲು ಬಂದು ಬಿದ್ದಿತ್ತು. ಓದಿ ಫೋನನ್ನು ಮಗುಚಿ ಇಟ್ಟ. ಕಸಿದುಕೊಂಡೆ.

"ಆಯಿ, ಕೈ ಹೆಂಗೈತಿ?"

ಬುಲೆಟ್ ಕಾಕಾ. ಅಷ್ಟೇ.

ಫೋಟೋ ತೆಗೆದು ಪಿಎಸ್‌ಐಗೆ ಕಳಿಸಿದ. ಸೌಮ್ಯಾಗೆ ಹೇಳಬಾರದು ಎಂದ. ನಾನು ಹೇಳಿದೆ. ಮುಚ್ಚಿಟ್ಟು ಮುಚ್ಚಿಟ್ಟೇ ಇಲ್ಲಿಗೆ ಬಂದದ್ದು. ಹುಡುಗಿ ಕೇಳಿಸಿಕೊಂಡಳು. ಬಂದು ನನ್ನ ಬಲಗೈ ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳು ಒಂದೊಂದೇ ಮಡಚತೊಡಗಿದಳು. ನೋವಾಯಿತು. ಬಿಡು ಎನ್ನಲಿಲ್ಲ.

ನವೆಂಬರ್ ೩೦, ಭಾನುವಾರ

ಕಂಪನಿಗೆ ನಾನೇ ಬರೆಯುತ್ತೇನೆ. ಖಾತೆ ನನ್ನದು ಎಂದವರು ಅವರೇ.

"ನೀ ಹೇಳ್ತಾ ಹೋಗು ಆಯಿ, ನಾ ಇಂಗ್ಲಿಷಿನ್ಯಾಗ ಟೈಪ್ ಮಾಡ್ತೇನಿ."

"ಬ್ಯಾಡ. ಕೈಲೆ ಬರೀತೇನಿ. ಫೋಟೋ ಹೊಡದ ಕಳಸು. ಓದಾಕ ಮನಷಾರನ್ನ ಹುಡಿಕ್ಯಾಡ್ಲಿ."

ಇಲ್ಲಿ ಮೊದಲು ಬರೆದು ನೋಡುತ್ತೇನೆ.

ಝುಪಿಯಾ ಕಂಪನಿಯವರಿಗೆ. ನಾನು ಗೌರಕ್ಕ, ಗಬ್ಬೂರ, ಹುಬ್ಬಳ್ಳಿ. ನಿಮ್ಮಲ್ಲಿ ಮಿಂಚುಳ್ಳಿ. ನನ್ನ ಮಾರಿ ತೋರಿಸಿ ನನ್ನ ಮೊಮ್ಮಗಳು ಒಳಗೆ ಬಂದಳು. ಅದು ತಪ್ಪು, ಒಪ್ಪಿದೆವು. ನಿಮ್ಮ ಮಶೀನಿಗೆ ಹದಿಮೂರರ ದನಿ ತಿಳಿಯಲಿಲ್ಲ, ಅವನಿಗೆ ತಿಳಿಯಿತು. ಅವನು ನನ್ನ ಬಾಗಿಲಿಗೆ ಬಂದಿದ್ದ. ಮಾರಿ ಅಳಿಸಿದ್ದೇವೆ ಎಂದು ನನಗೆ ಹೇಳಬೇಡಿ. ಅವನು ಯಾವ ಫೋನಿನಿಂದ ಬಂದ, ಯಾವ ನಂಬರು, ಯಾವ ಹೆಸರು, ಅದನ್ನು ಅಳಿಸಿಲ್ಲವಲ್ಲ? ನನಗೆ ಕೊಡದಿದ್ದರೆ ಬಿಡಿ, ಠಾಣೆಗೆ ಕೊಡಿ. ನಮ್ಮ ಹುಡುಗಿ ಸಾಲಿಗೆ ಹೋಗಬೇಕು. ಇವತ್ತಿನಿಂದ ಹತ್ತು ದಿನ ಕೊಟ್ಟಿದ್ದೇನೆ: ಡಿಸೆಂಬರ್ ಹತ್ತು, ಬುಧವಾರ. ಅಷ್ಟರೊಳಗೆ ಉತ್ತರ ಬೇಕು.