ಒಳಗೆ ಹೋದವರ ಪುಟ

ಜುಲೈ ೧೪, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಬಾಯಿಬಡುಕಿ ತಂಗಿಯ ನಮಸ್ಕಾರ. ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಬೈದುಬಿಡು, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ರಿಟೈರ್ ಆದ ಮೇಲೆ ಹಾಯಾಗಿರೋಣ ಅಂದುಕೊಂಡರೆ ಶಾಲೆಯವರು ಹೊಸದೊಂದು ಗಂಟುಹಾಕಿದ್ದಾರೆ. ಏಳನೇ ತರಗತಿಯ ಮಕ್ಕಳಿಗೆ ನಮ್ಮ ಸೀಮೆಯ ಚರಿತ್ರೆ ಬರೆದುಕೊಡಬೇಕಂತೆ.

ಅದಕ್ಕೊಂದು ಸಮಿತಿ ಮಾಡಿಕೊಂಡು ಶಾಲೆಯ ಲೈಬ್ರರಿಯಲ್ಲಿ ಕೂರುತ್ತೇವೆ. ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ, ನಿಲ್ಲಿಸಿದರೆ ನಾವು ಬೇಯುತ್ತೇವೆ. ನಮ್ಮ ಹಳೆಯ ಹೆಡ್‌ಮಿಸ್ಸೇ ಅಧ್ಯಕ್ಷೆ. ಮೊದಲ ದಿನವೇ ಹೇಳಿಬಿಟ್ಟರು, "ನೋಡ್ರಪ್ಪ, ಅವರವರ ಮನೆ ಕಥೇನ ಅವರವರೇ ಬರೀಬಾರದು. ಎದುರು ಪಕ್ಷದವರದ್ದು ಬರೀರಿ. ಆಗ ತಕ್ಕಡಿ ಸಮ ಆಗುತ್ತೆ." ಹಾಗಾಗಿ ಬಟ್ಟೆ ಗಿರಣಿ ಮುಷ್ಕರದ ಪಾಠದಲ್ಲಿ ಕಾರ್ಮಿಕರ ಕಷ್ಟ ಮಾಲೀಕರ ಮೊಮ್ಮಗನ ಪಾಲಿಗೆ, ಮಾಲೀಕರ ನಷ್ಟ ಸಂಘದ ಕಾರ್ಯದರ್ಶಿಯ ಮಗಳ ಪಾಲಿಗೆ ಬಂತು. ಮೊಮ್ಮಗ ತಾನು ಬರೆದದ್ದನ್ನು ಓದುತ್ತ ನಡುವೆಯೇ ಹಾಳೆ ಮಡಚಿಟ್ಟ. "ನಮ್ಮ ತಾತ ಹೀಗೆಲ್ಲ ಮಾಡಿದ್ರು ಅಂತ ಮನೇಲಿ ಯಾರೂ ಹೇಳಿರ್ಲಿಲ್ಲ ಮೇಡಂ" ಅಂದ.

ಉಳಿದದ್ದು ಮುಷ್ಕರದಲ್ಲೂ ಕೆಲಸಕ್ಕೆ ಹೋದವರ ಪುಟ. ಹಾಗೆ ಹೋದ ಅಪ್ಪನ ಮಗಳಾದ ನಾನು ಅದನ್ನು ಬರೆಯುವಂತಿಲ್ಲ. "ಮುಷ್ಕರಕ್ಕೆ ಕೂತವರಲ್ಲಿ ಬರೆಯೋರು ಯಾರಿದ್ದಾರೆ?" ಎಂದು ಮಿಸ್ಸು ಕೇಳಿದಾಗ ನನ್ನ ಬಾಯಿಂದ ನಿನ್ನ ಹೆಸರು ಬಂದುಬಿಟ್ಟಿತು.

ಅಂದಿನಿಂದ ಗಿರಣಿಯವರು ಕಾರ್ಮಿಕರಿಗೆ ಕೊಟ್ಟಿದ್ದ, ನಾವು ಬೆಳೆದ ಲೈನ್ ಮನೆಗಳೇ ಕಣ್ಣಿಗೆ ಕಟ್ಟುತ್ತಿವೆ. ಅಪ್ಪನಿಗೆ ಊಟದ ಡಬ್ಬಿ ಹಿಡಿದು ಪಂಪ್‌ಹೌಸಿಗೆ ಹೋಗುತ್ತಿದ್ದೆವಲ್ಲ, ನೆಲ ಗುಂಯ್ ಅಂತ ನಡುಗಿ ಅಂಗಾಲಿಗೆ ಕಚಗುಳಿಯಾಗುತ್ತಿತ್ತು. ಅಪ್ಪ ಎಣ್ಣೆಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತುತ್ತಿಗಾಗಿ ನಿನ್ನ ಮುಂದೆ ಬಾಯಿ ತೆರೆಯುತ್ತಿದ್ದರು. ನೀನು ದೊಡ್ಡವನಾಗಿ ನೂಲಿನ ವಿಭಾಗಕ್ಕೆ ಸೇರಿದ ಮೇಲೂ ಇಬ್ಬರದೂ ಒಟ್ಟಿಗೇ ಊಟ. ಎಷ್ಟು ಚೆನ್ನಾಗಿತ್ತು ಅಣ್ಣ. ಆಮೇಲೆ ಮುಷ್ಕರ ಬಂತು, ನೀನು ಗೇಟಿನ ಹೊರಗೆ, ಅಪ್ಪ ಒಳಗೆ. "ಇವನು ನಮ್ಮಪ್ಪನೇ ಅಲ್ಲ" ಎಂದು ನೀನು ಎಲ್ಲರೆದುರು ಕೂಗಿದೆ. ಊರು ಬಿಟ್ಟವನು ಅಪ್ಪ ತೀರಿಕೊಂಡಾಗಲೂ ಬರಲಿಲ್ಲ.

ಅವರನ್ನು ಹೊಗಳಬೇಡ, ಅದು ನನಗೂ ಬೇಡ. ಒಳಗೆ ಹೋದವರು ಯಾಕೆ ಹೋದರು ಎಂದು ಒಂದು ಪುಟ ಬರೆದು ಕಳಿಸು. ಮಕ್ಕಳ ಪುಸ್ತಕದಲ್ಲಾದರೂ ಅಪ್ಪ ಬರೀ ದ್ರೋಹಿಯಾಗಿ ಉಳಿಯದಿರಲಿ.

ಮೊಮ್ಮಕ್ಕಳಿಗೆ ಮುದ್ದು. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ ತಂಗಿ

ವಿ.ಸೂ.: ಯಾಕೆ ಹೋದರೆಂದು ಗೊತ್ತಿಲ್ಲದೆ ನೀನು ಹೇಗೆ ಬರೆದೀಯ ಎಂದು ಲಕೋಟೆ ಅಂಟಿಸುವ ಮುಂಚೆ ಹೊಳೆಯಿತು. ಪಂಪಿನವನು ಕೆಲಸಕ್ಕೆ ಬಾರದಿದ್ದರೆ ಲೈನ್ ಮನೆಗಳಿಗೆ ನೀರು ಬಂದ್ ಎಂದು ಮಾಲೀಕರು ಹೇಳಿಕಳಿಸಿದ್ದರು. ಅದಕ್ಕೇ ಅಪ್ಪ ಹೋದರು. "ಅವನಿಗೆ ಹೇಳ್ಬೇಡ ಕಣೆ, ಗೊತ್ತಾದ್ರೆ ಆ ನೀರು ಮುಟ್ಟಲ್ಲ" ಎಂದು ಅಮ್ಮನಿಂದ ಆಣೆ ಹಾಕಿಸಿಕೊಂಡರು. ಅಮ್ಮ ಕೊನೆಗಾಲದಲ್ಲಿ ನನಗೆ ಹೇಳಿ, ನನ್ನಿಂದಲೂ ಆಣೆ ಹಾಕಿಸಿಕೊಂಡಳು. ಇವತ್ತು ಮುರಿದಿದ್ದೇನೆ. ಗೇಟಿನಲ್ಲಿ ಆ ಮಾತು ಕೂಗಿದ ದಿನ ನೀನು ಗಂಟಲು ಒಣಗಿಸಿಕೊಂಡು ಮನೆಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದೆ. ಅಪ್ಪ ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು. ನೀನು ಎದ್ದುಹೋದ ಮೇಲೆ ಚೊಂಬನ್ನು ಮತ್ತೆ ತುಂಬಿಸಿಟ್ಟರು.